‘ಬಿಡಿ, ನಾನೇ ಮಾಡ್ತೀನಿ’: ಒಂಚೂರೂ ಊನ ಇರಬಾರದು ಅನ್ನುವವರ ಕಷ್ಟ

2022ರ ಎಸ್ಸೆಸ್ಸೆಲ್ಸಿಯಲ್ಲಿ 145 ಮಕ್ಕಳು 625ಕ್ಕೆ 625 ತೆಗೆದರು. ಅಂಥ ಮಕ್ಕಳ ಮನೆ ಮುಂದೆ ಟಿವಿಯವರ ಗಾಡಿ ನಿಲ್ಲುತ್ತದೆ. ಬಾಯಿಗೆ ಸ್ವೀಟು ಇಡುವ ಫೋಟೊ ಮಾರನೇ ದಿನ ಪೇಪರಿನಲ್ಲಿ ಬರುತ್ತದೆ. ಸಂತೋಷವೇ. ಆದರೆ 623 ತೆಗೆದ ಮಗುವಿನ ಮನೆಯಲ್ಲಿ ಅವತ್ತು ಏನು ಮಾತು ನಡೆದಿರುತ್ತದೆ ಅಂತ ಊಹಿಸುವುದು ಕಷ್ಟವೇನಲ್ಲ. “ಆ ಎರಡು ಮಾರ್ಕ್ಸ್ ಎಲ್ಲಿ ಹೋಯ್ತು?” ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಇದನ್ನು ಕೇಳುವುದೂ ಇಲ್ಲ. ಮಗುವೇ ಕೇಳಿಕೊಳ್ಳುತ್ತದೆ. ಉತ್ತರಪತ್ರಿಕೆಯ ನಕಲು ತರಿಸುತ್ತದೆ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುತ್ತದೆ. ನೂರಕ್ಕೆ ತೊಂಬತ್ತೊಂಬತ್ತೂವರೆಗಿಂತ ಜಾಸ್ತಿ ಬಂದಿದ್ದರೂ ಕಣ್ಣು ಹೋಗುವುದು ಬರದೇ ಹೋದ ಆ ಚೂರಿನ ಮೇಲೆ.

ಮನಶ್ಶಾಸ್ತ್ರದವರು ಇದನ್ನು ಪರ್ಫೆಕ್ಷನಿಸಂ ಅನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಒಳ್ಳೇ ಹೆಸರಿದೆ. ಇಂಟರ್‌ವ್ಯೂನಲ್ಲಿ “ನಿಮ್ಮ ವೀಕ್‌ನೆಸ್ ಏನು?” ಅಂತ ಕೇಳಿದರೆ “ನಾನು ಸ್ವಲ್ಪ ಪರ್ಫೆಕ್ಷನಿಸ್ಟ್ ಸರ್” ಅನ್ನುವುದು ಬಾಯಿಪಾಠದ ಉತ್ತರ. ವೀಕ್‌ನೆಸ್ ಹೆಸರಲ್ಲಿ ತನ್ನ ಬೆನ್ನು ತಾನೇ ತಟ್ಟಿಕೊಂಡ ಹಾಗೆ. ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು.

ಸುಮಾರು ಮೂವತ್ತೈದು ವರ್ಷಗಳಿಂದ ಇದನ್ನು ಅಳೆದು ನೋಡುತ್ತಿರುವವರ ಅಭಿಪ್ರಾಯ ಬೇರೆ. ಎತ್ತರದ ಗುರಿ ಇಟ್ಟುಕೊಳ್ಳುವುದರಿಂದ ಅಂಥ ದೊಡ್ಡ ಹಾನಿ ಇಲ್ಲ. ತಪ್ಪಾದರೆ ನನಗೆ ಬೆಲೆಯೇ ಇಲ್ಲ ಅನ್ನುವ ಭಯ, ಆ ತಪ್ಪನ್ನು ಯಾರಿಗೂ ಕಾಣದ ಹಾಗೆ ಮುಚ್ಚಿಡುವ ಪಾಡು, ಇವೆರಡು ಮನುಷ್ಯನನ್ನು ಹಿಂಡುತ್ತವೆ. ಹೊರಗಿನಿಂದ ನೋಡಿದರೆ ಗುರಿ ಯಾವುದು, ಭಯ ಯಾವುದು ಗೊತ್ತಾಗುವುದಿಲ್ಲ. ಇಬ್ಬರೂ ರಾತ್ರಿ ಹನ್ನೆರಡರವರೆಗೆ ಓದುತ್ತಾರೆ, ಇಬ್ಬರೂ ರ‍್ಯಾಂಕ್ ತೆಗೆಯುತ್ತಾರೆ. ವ್ಯತ್ಯಾಸ ಇರುವುದು ಒಳಗೆ.

ಒಳಗಿನ ಈ ವ್ಯತ್ಯಾಸ ಹೇಗೆ ಸಿಕ್ಕಿತು ಅಂತ ಸ್ವಲ್ಪ ನೋಡೋಣ. 1990ರಲ್ಲಿ ಅಮೆರಿಕದ ರ‍್ಯಾಂಡಿ ಫ್ರಾಸ್ಟ್ ಮತ್ತು ಜೊತೆಗಾರರು ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ಗುರಿ ಎಷ್ಟು ಎತ್ತರದ್ದು ಅಂತಷ್ಟೇ ಕೇಳಲಿಲ್ಲ. ತಪ್ಪಾದರೆ ಎಷ್ಟು ಚಿಂತೆ ಮಾಡ್ತೀರಿ, ಮಾಡಿದ ಕೆಲಸ ಸರಿಯಾಗಿದೆಯೋ ಇಲ್ಲವೋ ಅಂತ ಎಷ್ಟು ಅನುಮಾನ ಪಡ್ತೀರಿ, ಅಪ್ಪ ಅಮ್ಮ ಎಷ್ಟು ನಿರೀಕ್ಷೆ ಇಟ್ಟಿದ್ದರು, ಎಷ್ಟು ಟೀಕೆ ಮಾಡುತ್ತಿದ್ದರು ಅಂತಲೂ ಕೇಳಿದರು. ಮುಂದೆ ಬಂದ ನೂರಾರು ಅಧ್ಯಯನಗಳಲ್ಲಿ ಈ ಪ್ರಶ್ನೆಗಳ ಉತ್ತರ ಎರಡು ಗುಂಪಾಗಿ ಬೇರೆಯಾದವು. ಒಂದು, ಚೆನ್ನಾಗಿ ಮಾಡಬೇಕೆಂಬ ಹಂಬಲ. ಇನ್ನೊಂದು, ತಪ್ಪಿನ ಬಗ್ಗೆ ಅಂಜಿಕೆ. ಖಿನ್ನತೆ, ಆತಂಕ, ಕೆಲಸದಲ್ಲಿ ಪೂರ್ತಿ ಸುಸ್ತಾಗಿ ಕೈಚೆಲ್ಲುವುದು, ಇವೆಲ್ಲ ಎರಡನೆಯದರ ಜೊತೆಗೇ ಹೆಚ್ಚಾಗಿ ಕಾಣಿಸಿಕೊಂಡವು. ಬರೀ ಹಂಬಲ ಇದ್ದವರಲ್ಲಿ ಅಷ್ಟಾಗಿ ಕಾಣಲಿಲ್ಲ. ತೊಂದರೆ ಏನೆಂದರೆ ನಿಜವಾದ ಮನುಷ್ಯರಲ್ಲಿ ಇವೆರಡೂ ಅನೇಕ ಸಲ ಒಟ್ಟಿಗೇ ಇರುತ್ತವೆ.

ನಿಮ್ಮಲ್ಲಿ ಯಾವುದು ಜಾಸ್ತಿ ಅಂತ ತಿಳಿಯಲು ಸೋತ ದಿನ ನೋಡಬೇಡಿ. ಸೋತಾಗ ಎಲ್ಲರಿಗೂ ಬೇಜಾರಾಗುತ್ತದೆ. ಗೆದ್ದ ದಿನ ನೋಡಿ. ಹಂಬಲ ಇರುವವರಿಗೆ ಅವತ್ತು ಖುಷಿಯಾಗುತ್ತದೆ, ನಾಲ್ಕು ದಿನ ಅದು ಉಳಿಯುತ್ತದೆ. ಅಂಜಿಕೆ ಇರುವವರಿಗೆ ಆಗುವುದು ‘ಸದ್ಯ, ಬಚಾವಾದೆ’ ಅನ್ನುವ ನಿರಾಳ, ಅದೂ ಸ್ವಲ್ಪ ಹೊತ್ತು. ಆಮೇಲೆ ಶುರು: “ಈ ಸಲ ಪೇಪರ್ ಈಜಿ ಇತ್ತು, ಎಲ್ಲರಿಗೂ ಬಂದಿದೆ.” 2002ರಲ್ಲಿ ಬ್ರಿಟನ್ನಿನ ರೋಜ್ ಶಾಫ್ರನ್ ಮತ್ತು ಸಹೋದ್ಯೋಗಿಗಳು ಇದನ್ನೇ ವಿವರಿಸಿದರು. ಗುರಿ ಮುಟ್ಟದಿದ್ದರೆ ಇಂಥವರು ತಮ್ಮನ್ನು ಹಳಿದುಕೊಳ್ಳುತ್ತಾರೆ. ಮುಟ್ಟಿದರೆ ಆ ಗುರಿಯೇ ಸಣ್ಣದಿತ್ತು ಅಂತ ತೀರ್ಮಾನಿಸಿ ಇನ್ನೂ ಮೇಲೆ ಏರಿಸುತ್ತಾರೆ. ಮೀಟರ್ ಬಡ್ಡಿ ಸಾಲದ ಹಾಗೆ ಇದು. ಎಷ್ಟು ಕಟ್ಟಿದರೂ ಬಡ್ಡಿಗೇ ಹೋಗುತ್ತದೆ, ಅಸಲು ಇಳಿಯುವುದೇ ಇಲ್ಲ.

ನಾಲ್ಕು ಜನ ಅಂದರೆ ಯಾರು?

1991ರಲ್ಲಿ ಕೆನಡಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ ಇನ್ನೊಂದು ಪ್ರಶ್ನೆ ಎತ್ತಿದರು. ಊನ ಇರಬಾರದು ಅನ್ನುವ ಈ ಒತ್ತಾಯ ಯಾರಿಂದ ಯಾರ ಮೇಲೆ? ಅವರು ಮೂರು ಬಗೆ ಗುರುತಿಸಿದರು. ‘ನಾನು ತಪ್ಪು ಮಾಡಬಾರದು’ ಅಂತ ತನ್ನ ಮೇಲೇ ಹೇರಿಕೊಳ್ಳುವುದು ಮೊದಲನೆಯದು. ‘ನನ್ನ ಗಂಡ, ನನ್ನ ಸೊಸೆ, ನನ್ನ ಕೈಕೆಳಗಿನವನು ತಪ್ಪು ಮಾಡಬಾರದು’ ಅನ್ನುವುದು ಎರಡನೆಯದು. ಮೂರನೆಯದೇ ದೊಡ್ಡ ಗೋಳು: ‘ನನ್ನಲ್ಲಿ ಒಂದು ಕೊರತೆ ಕಂಡರೂ ಜನ ನನ್ನನ್ನು ಬಿಡೋದಿಲ್ಲ’ ಅನ್ನುವ ನಂಬಿಕೆ.

ಈ ಮೂರನೆಯದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ನಾಲ್ಕು ಜನ ಏನಂತಾರೆ’ ಅನ್ನುವ ಮಾತು ಕೇಳಿಕೊಂಡೇ ಬೆಳೆದವರು ನಾವು. ಗೃಹಪ್ರವೇಶಕ್ಕೆ ಎಷ್ಟು ಜನರನ್ನು ಕರೆಯಬೇಕು, ಮಗಳು ಯಾವ ಕೋರ್ಸ್ ತೆಗೆದುಕೊಳ್ಳಬೇಕು, ಕೆಲಸ ಬಿಟ್ಟ ವಿಷಯ ಊರಲ್ಲಿ ಹೇಳಬೇಕೋ ಬೇಡವೋ, ಎಲ್ಲಕ್ಕೂ ಆ ನಾಲ್ಕು ಜನರ ಸಹಿ ಬೇಕು. ಅವರು ಯಾರು ಅಂತ ಕೇಳಿದರೆ ಮಾತ್ರ ಯಾರಿಗೂ ಗೊತ್ತಿಲ್ಲ. ಸುಮ್ನೆ ಕೂತು ಹೆಸರು ಬರೆಯಲು ಹೋದರೆ ಒಬ್ಬ ದೊಡ್ಡಪ್ಪ, ಒಬ್ಬ ಪಕ್ಕದ ಮನೆಯಾಕೆ, ಅಷ್ಟಕ್ಕೇ ಪಟ್ಟಿ ನಿಲ್ಲುತ್ತದೆ. ಆದರೆ ಹೆಸರಿಲ್ಲದ ಆ ಜನರ ಕಣ್ಣು ಸದಾ ನಮ್ಮ ಮೇಲಿದೆ ಅನ್ನಿಸುತ್ತದೆ, ಅಲ್ವಾ?

ಸ್ವಂತ ಗುರಿಯಾದರೆ ಇವತ್ತಿಗೆ ಸಾಕು ಅಂತ ನೀವೇ ಹೇಳಿಕೊಳ್ಳಬಹುದು. ಬೇರೆಯವರು ಇಟ್ಟಿದ್ದಾರೆ ಅಂದುಕೊಂಡ ಗುರಿಯನ್ನು ಇಳಿಸುವ ಅಧಿಕಾರ ನಿಮ್ಮ ಕೈಯಲ್ಲಿ ಇರುವುದಿಲ್ಲ. ಅದಕ್ಕೇ ಮೂರರಲ್ಲಿ ಇದೇ ಹೆಚ್ಚು ಕಾಡುತ್ತದೆ. ಇದು ಬೆಳೆಯುತ್ತಲೂ ಇದೆ. ಥಾಮಸ್ ಕರನ್ ಮತ್ತು ಆ್ಯಂಡ್ರ್ಯೂ ಹಿಲ್ 1989ರಿಂದ 2016ರವರೆಗೆ ಅಮೆರಿಕ, ಕೆನಡಾ, ಬ್ರಿಟನ್‌ಗಳಲ್ಲಿ ಹೆವಿಟ್ ಮತ್ತು ಫ್ಲೆಟ್ ಮಾಡಿದ ಪ್ರಶ್ನಾವಳಿ ತುಂಬಿದ 41,641 ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ಒಟ್ಟು ಮಾಡಿ ನೋಡಿದರು. ತನ್ನ ಮೇಲೆ ಹೇರಿಕೊಳ್ಳುವುದು ಶೇ. 10, ಬೇರೆಯವರ ಮೇಲೆ ಹೇರುವುದು ಶೇ. 16 ಹೆಚ್ಚಾಗಿತ್ತು. ಜನ ನನ್ನಿಂದ ನಿರೀಕ್ಷಿಸುತ್ತಾರೆ ಅನ್ನುವುದು ಶೇ. 33 ಏರಿತ್ತು. ಈ ಲೆಕ್ಕ ನಮ್ಮ ದೇಶದ್ದಲ್ಲ. ಆದರೆ ಕಾರಣ ಅಂತ ಅವರು ಹೇಳಿದ್ದು ಎಲ್ಲದಕ್ಕೂ ಇರುವ ಪೈಪೋಟಿ, ಅಂಕ ರ‍್ಯಾಂಕುಗಳಲ್ಲೇ ಮನುಷ್ಯನನ್ನು ತೂಗುವುದು, ಮಕ್ಕಳ ಮೇಲೆ ಹೆತ್ತವರ ಒತ್ತಡ. ಆರನೇ ಕ್ಲಾಸಿನಿಂದಲೇ ಸಿಇಟಿ, ನೀಟ್ ಫೌಂಡೇಶನ್ ಕೋರ್ಸ್ ಬೋರ್ಡು ಕಾಣುವ ಊರುಗಳಲ್ಲಿ ಇದು ಅಷ್ಟೇನೂ ಅಪರಿಚಿತ ಅನ್ನಿಸುವುದಿಲ್ಲ.

ನಾಲ್ಕು ಸಾಲಿನ ಮೇಲ್

ಒತ್ತಡ ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಸಣ್ಣ ಕೆಲಸದಲ್ಲಿ ನೋಡೋಣ. ಟೀಮ್ ಲೀಡ್‌ಗೆ ಒಂದು ಮೇಲ್ ಬರೆಯಬೇಕು. ವಿಷಯ ಇಷ್ಟೇ: ರಿಪೋರ್ಟ್ ಶುಕ್ರವಾರ ಕೊಡ್ತೀನಿ, ಫೈನಾನ್ಸ್‌ನವರಿಂದ ಒಂದು ಅಂಕಿ ಬರಬೇಕು. ಬೇರೆಯವರಾದರೆ ಎರಡು ನಿಮಿಷದಲ್ಲಿ ಬರೆದು ಕಳಿಸಿ ಟೀ ಕುಡಿಯಲು ಹೋಗುತ್ತಾರೆ. ನಮ್ಮ ಪರ್ಫೆಕ್ಷನಿಸ್ಟ್ ಬೆಳಗ್ಗೆ ಸ್ನಾನ ಮಾಡುವಾಗಲೇ ಅದನ್ನು ಮನಸ್ಸಲ್ಲಿ ಬರೆಯಲು ಶುರು ಮಾಡಿರುತ್ತಾಳೆ. ಸೀಟಿಗೆ ಬಂದು ಕೂತರೆ ‘ಹಾಯ್’ ಅನ್ನಲೋ ‘ಡಿಯರ್’ ಅನ್ನಲೋ. ಫೈನಾನ್ಸ್‌ನವರು ಕೊಟ್ಟಿಲ್ಲ ಅಂತ ಬರೆದರೆ ಚಾಡಿ ಹೇಳಿದ ಹಾಗಾಗುತ್ತಾ? ಅಳಿಸುತ್ತಾಳೆ, ಮತ್ತೆ ಬರೆಯುತ್ತಾಳೆ, ಡ್ರಾಫ್ಟ್‌ನಲ್ಲಿ ಇಡುತ್ತಾಳೆ. ಊಟ ಆದಮೇಲೆ ತೆಗೆದು ಓದಿ ಕೊನೆಗೆ ಕಳಿಸುತ್ತಾಳೆ. ಕಳಿಸಿದ ತಕ್ಷಣ ‘ಸೆಂಟ್’ ಫೋಲ್ಡರ್ ತೆರೆಯುತ್ತಾಳೆ. ಅಯ್ಯೋ, ಒಂದು ಸ್ಪೆಲ್ಲಿಂಗ್ ತಪ್ಪು. ‘ಇಷ್ಟೂ ಬರಲ್ವಾ ಇವಳಿಗೆ ಅಂದುಕೊಂಡಿರ್ತಾರೆ’ ಅಂತ ಸಂಜೆ ಬಸ್ಸಲ್ಲಿ, ರಾತ್ರಿ ಹಾಸಿಗೆಯಲ್ಲಿ. ಆ ಕಡೆ ಟೀಮ್ ಲೀಡ್ ಮೇಲ್ ಓದಿ ಒಂದು ‘ಓಕೆ’ ಒತ್ತಿ ಮರೆತಾಗಿದೆ. ಆ ‘ಓಕೆ’ಗೂ ಇವಳು ಅರ್ಥ ಹುಡುಕುತ್ತಾಳೆ: ‘ಥ್ಯಾಂಕ್ಸ್’ ಯಾಕೆ ಹಾಕಲಿಲ್ಲ?

ಫ್ಲೆಟ್ ಮತ್ತು ಹೆವಿಟ್ ಹೇಳುವ ನಾಲ್ಕೂ ದಾರಿ ಈ ಒಂದು ಮೇಲ್‌ನಲ್ಲಿವೆ. ಒತ್ತಡ ಇಲ್ಲದ ಕಡೆ ಹುಟ್ಟಿಸಿಕೊಳ್ಳುವುದು, ಬರುವ ಮೊದಲೇ ಅನುಭವಿಸಲು ಶುರು ಮಾಡುವುದು, ಬಂದದ್ದನ್ನು ದೊಡ್ಡದು ಮಾಡುವುದು, ಮುಗಿದ ಮೇಲೂ ಮುಗಿಯಲು ಬಿಡದಿರುವುದು. ಕೆಲಸ ಎರಡು ನಿಮಿಷದ್ದು. ಒತ್ತಡ ಬೆಳಗ್ಗೆ ಏಳರಿಂದ ರಾತ್ರಿ ಹನ್ನೊಂದರವರೆಗೆ.

ದೇಹಕ್ಕೂ ಇದು ತಟ್ಟುತ್ತದೆ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದವರು 1993ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ ಇದೆ. ಒತ್ತಡದ ಬಗ್ಗೆ ಸಂಶೋಧನೆ ಮಾಡುವವರು ಇವತ್ತಿಗೂ ಅದನ್ನೇ ಬಳಸುತ್ತಾರೆ. ಸ್ವಲ್ಪ ಕ್ರೂರವಾದ ಪರೀಕ್ಷೆ ಅದು. ನಿಮ್ಮನ್ನು ಅಪರಿಚಿತರ ಮುಂದೆ ನಿಲ್ಲಿಸುತ್ತಾರೆ. ಅವರ ಮುಖದಲ್ಲಿ ನಗು ಇಲ್ಲ, ತಲೆ ಅಲ್ಲಾಡಿಸುವುದೂ ಇಲ್ಲ. ಕೆಲಸಕ್ಕೆ ಅರ್ಜಿ ಹಾಕಿದ್ದೀರಿ ಅಂದುಕೊಂಡು ಐದು ನಿಮಿಷ ನಿಮ್ಮ ಬಗ್ಗೆ ಮಾತಾಡಬೇಕು. ಆಮೇಲೆ 1022ರಿಂದ ಹದಿಮೂರು ಹದಿಮೂರು ಕಳೆಯುತ್ತಾ ಗಟ್ಟಿಯಾಗಿ ಹೇಳಬೇಕು: 1009, 996, 983... ಒಂದು ತಪ್ಪಿದರೆ “ತಪ್ಪಾಯಿತು, ಮತ್ತೆ 1022ರಿಂದ” ಅನ್ನುತ್ತಾರೆ. ಮೊದಲೂ ಆಮೇಲೂ ಜೊಲ್ಲು ತೆಗೆದು ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಎಷ್ಟಿದೆ ಅಂತ ನೋಡುತ್ತಾರೆ. ಒತ್ತಡ ಬಂದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಬಿಡುಗಡೆಯಾಗುವ ಹಾರ್ಮೋನ್ ಇದು. 2007ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಆರೋಗ್ಯವಂತ ನಡುವಯಸ್ಸಿನ ಗಂಡಸರ ಮೇಲೆ ಇದೇ ಪರೀಕ್ಷೆ ಮಾಡಿದಾಗ, ಪರ್ಫೆಕ್ಷನಿಸಂ ಜಾಸ್ತಿ ಇದ್ದವರಲ್ಲಿ ಕಾರ್ಟಿಸಾಲ್ ಕೂಡ ಜಾಸ್ತಿ ಏರಿತ್ತು. ಅಪರೂಪಕ್ಕೆ ಏರಿ ಇಳಿದರೆ ಏನೂ ಆಗುವುದಿಲ್ಲ, ಅದು ದೇಹದ ಮಾಮೂಲಿ ಕೆಲಸ. ದಿನಾ ಒಂದು ಮೇಲ್‌ಗೂ ಏರುತ್ತಿದ್ದರೆ ಮಾತ್ರ ನಿದ್ದೆ, ಬಿಪಿ, ಹೊಟ್ಟೆ ಎಲ್ಲದರ ಮೇಲೂ ಭಾರ ಬೀಳುತ್ತದೆ.

ಇಷ್ಟೆಲ್ಲ ಒದ್ದಾಡಿದ್ದಕ್ಕೆ ಕೆಲಸವಾದರೂ ಚೆನ್ನಾಗಿ ಆಗುತ್ತದಲ್ಲ ಅಂತ ನೀವು ಕೇಳಬಹುದು. ಈ ಪ್ರಶ್ನೆಯನ್ನೂ ಬಿಟ್ಟಿಲ್ಲ. 2018ರಲ್ಲಿ ಡೇನಾ ಹರಾರಿ ಎಂಬ ಸಂಶೋಧಕಿ ಮತ್ತು ಜೊತೆಗಾರರು ಉದ್ಯೋಗಿಗಳ ಮೇಲೆ ನಡೆದ 95 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪರ್ಫೆಕ್ಷನಿಸ್ಟರಿಗೆ ಹುರುಪು ಜಾಸ್ತಿ, ಅವರು ದುಡಿಯುವ ಹೊತ್ತೂ ಜಾಸ್ತಿ. ಸುಸ್ತು, ಒತ್ತಡ, ಆತಂಕವೂ ಜಾಸ್ತಿ. ಕೆಲಸದ ಗುಣಮಟ್ಟಕ್ಕೂ ಪರ್ಫೆಕ್ಷನಿಸಂಗೂ ಮಾತ್ರ ಸಂಬಂಧವೇ ಕಾಣಲಿಲ್ಲ. ಒಂದು ಕಡೆ ಗಳಿಸಿದ್ದು ಇನ್ನೊಂದು ಕಡೆ ಸೋರಿಹೋಗುತ್ತದೆ. ಒಂದು ಸ್ಲೈಡ್‌ನ ಬಣ್ಣ ಸರಿ ಮಾಡುತ್ತಾ ಕೂತವರು ಉಳಿದ ಒಂಬತ್ತು ಸ್ಲೈಡ್‌ಗೆ ಸಮಯ ಕೊಡಲಾರರು. ಇನ್ನು ಕೆಲವರು ಶುರುವೇ ಮಾಡುವುದಿಲ್ಲ. ನಾವು ಅವರನ್ನು ಸೋಮಾರಿ ಅನ್ನುತ್ತೇವೆ. ಎಷ್ಟೋ ಸಲ ಅದು ಸೋಮಾರಿತನವಲ್ಲ, ಶುರು ಮಾಡಿದರೆ ತಾನೇ ಕೆಡುವುದು ಅನ್ನುವ ಲೆಕ್ಕ. ಥೀಸಿಸ್ ಮುಗಿಸದೆ ವರ್ಷಗಟ್ಟಲೆ ಎಳೆಯುವವರಲ್ಲಿ ಇಂಥವರು ಸಿಗುತ್ತಾರೆ.

ಇದರ ಹತ್ತಿರದ ನೆಂಟ ಒಂದಿದೆ, ಸಿಗುವುದರಲ್ಲಿ ಎಲ್ಲಕ್ಕಿಂತ ಒಳ್ಳೆಯದೇ ಬೇಕು ಅನ್ನುವ ಹಟ. ಶೀನಾ ಅಯ್ಯಂಗಾರ್, ಬ್ಯಾರಿ ಶ್ವಾರ್ಟ್ಜ್ ಮತ್ತಿತರರು 2006ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಕೆಲಸ ಹುಡುಕುತ್ತಿದ್ದ ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಹಿಂಬಾಲಿಸಿದ್ದರು. ಅತ್ಯುತ್ತಮವೇ ಬೇಕು ಅಂದವರಿಗೆ ಸಾಕಷ್ಟು ಚೆನ್ನಾಗಿದ್ದರೆ ಸಾಕು ಅಂದವರಿಗಿಂತ ಶೇ. 20ರಷ್ಟು ಹೆಚ್ಚು ಸಂಬಳದ ಕೆಲಸ ಸಿಕ್ಕಿತು. ಸಿಕ್ಕ ಕೆಲಸದ ಬಗ್ಗೆ ಸಮಾಧಾನ ಮಾತ್ರ ಅವರಿಗೇ ಕಡಿಮೆ. ಸಂಬಳ ಬೇಕೋ ಸಮಾಧಾನ ಬೇಕೋ ಅನ್ನುವುದು ಅವರವರಿಗೆ ಬಿಟ್ಟಿದ್ದು. ಬೆಂಗಳೂರಿನ ಬಾಡಿಗೆ ನೋಡಿದರೆ ಸಂಬಳವೇ ಇರಲಿ ಅನ್ನುವವರನ್ನು ನಾನಂತೂ ಬೈಯುವುದಿಲ್ಲ.

ಎಲ್ಲ ಕಡೆಯೂ ಇದು ಕೆಟ್ಟದ್ದೇ ಅಂತಲೂ ಅಲ್ಲ. ಕೆನಡಾದಲ್ಲಿ ಪ್ರೇಮ್ ಫ್ರೈ ಮತ್ತು ಡೊಮಿನಿಕ್ ಡೆಬಾಟ್ಸ್ ವಯಸ್ಸಾದವರನ್ನು ಆರೂವರೆ ವರ್ಷ ಗಮನಿಸಿದಾಗ, ಪರ್ಫೆಕ್ಷನಿಸಂ ಜಾಸ್ತಿ ಇದ್ದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಆದರೆ ಟೈಪ್ 2 ಸಕ್ಕರೆ ಕಾಯಿಲೆ ಇರುವವರನ್ನು ಅವರೇ ನೋಡಿದಾಗ ಫಲಿತಾಂಶ ತಿರುಗುಮುರುಗಾಗಿತ್ತು. ಹೊತ್ತುಹೊತ್ತಿಗೆ ಮಾತ್ರೆ, ಊಟದಲ್ಲಿ ಲೆಕ್ಕ, ಶುಗರ್ ಟೆಸ್ಟ್ ತಪ್ಪಿಸದಿರುವುದು ಇವೆಲ್ಲ ಅಲ್ಲಿ ನಿಜವಾಗಿಯೂ ಬೇಕಾದ ಗುಣಗಳು. ಅರಿವಳಿಕೆ ಕೊಡುವ ಡಾಕ್ಟರು, ಸೇತುವೆ ಕಟ್ಟುವ ಎಂಜಿನಿಯರು ‘ನಡಿಯುತ್ತೆ ಬಿಡಿ’ ಅನ್ನುವುದು ನಮಗೂ ಬೇಡ. ಪರೀಕ್ಷಿಸಬೇಕಾದಲ್ಲಿ ಎರಡು ಸಲ ಪರೀಕ್ಷಿಸುವುದು ಕಸುಬಿನ ಮರ್ಯಾದೆ. ಪಲ್ಯದ ಬೀನ್ಸ್‌ಗೂ ಅದೇ ಮರ್ಯಾದೆ ಕೇಳಿದಾಗ ಮನೆಯಲ್ಲಿ ಜಗಳ ಶುರುವಾಗುತ್ತದೆ.

ಬೀನ್ಸ್ ಪಲ್ಯ ಮತ್ತು ಸಂಸಾರ

ಭಾನುವಾರ. ಗಂಡ ತಾನಾಗಿಯೇ ಅಡುಗೆಮನೆಗೆ ಬಂದು ಬೀನ್ಸ್ ಹೆಚ್ಚಲು ಕೂರುತ್ತಾನೆ. ಹೆಂಡತಿ ಎರಡು ನಿಮಿಷ ನೋಡುತ್ತಾಳೆ. “ಅಷ್ಟು ದಪ್ಪ ಹೆಚ್ಚಬೇಡಿ ರೀ, ಬೇಯಲ್ಲ.” ಅವನು ಸಣ್ಣಗೆ ಹೆಚ್ಚುತ್ತಾನೆ. “ಒಂದೇ ಸಮ ಇರಲಿ.” ಅವನ ಕೈ ನಿಧಾನವಾಗುತ್ತದೆ. “ನಾರು ತೆಗೆದ್ರಾ?” ಉತ್ತರ ಬರುವ ಮೊದಲೇ ಅವಳು ಈಳಿಗೆ ಮಣೆ ತನ್ನ ಕಡೆ ಎಳೆದುಕೊಂಡಾಗಿದೆ. “ಬಿಡಿ, ನಾನೇ ಮಾಡ್ತೀನಿ.” ಅವನು ಎದ್ದು ಹೋಗಿ ಟಿವಿ ಮುಂದೆ ಕೂರುತ್ತಾನೆ, ಒಳಗೊಳಗೇ ಸ್ವಲ್ಪ ನಿರಾಳ, ಸ್ವಲ್ಪ ಸಿಟ್ಟು. ಮುಂದಿನ ಭಾನುವಾರ ಅವನು ಆ ಕಡೆ ಸುಳಿಯುವುದಿಲ್ಲ. “ಈ ಮನೇಲಿ ಎಲ್ಲಾ ನಾನೇ ಮಾಡ್ಬೇಕು” ಅಂತ ಅವಳು ಗೊಣಗುವುದು ಸುಳ್ಳಲ್ಲ. ಅವನು “ನಾನೇನು ಮಾಡಿದ್ರೂ ತಪ್ಪೇ” ಅನ್ನುವುದೂ ಸುಳ್ಳಲ್ಲ. ಇದೇ ನಾಟಕ ಗಂಡ ಹೆಂಡತಿ ಜಾಗ ಬದಲಿಸಿಕೊಂಡು ಕಾರು ತೊಳೆಯುವಲ್ಲಿ, ಬ್ಯಾಂಕ್ ಫಾರಂ ತುಂಬುವಲ್ಲಿ ನಡೆಯುತ್ತದೆ.

ಈ ಮನೆಯಾಕೆಯನ್ನು ಬೈಯುವ ಮುಂಚೆ ಒಂದು ಮಾತು. ಪಲ್ಯ ಕೆಟ್ಟರೆ ನೆಂಟರು ಗಂಡನ ಹೆಸರು ಹೇಳುವುದಿಲ್ಲ, ಅವಳ ಹೆಸರನ್ನೇ ಹೇಳುತ್ತಾರೆ. ಮನೆ ಚೊಕ್ಕಟ, ಮಕ್ಕಳ ಯೂನಿಫಾರಂ, ಹಬ್ಬದ ಅಡುಗೆ, ಎಲ್ಲಕ್ಕೂ ಮಾರ್ಕ್ಸ್ ಕೊಡುವುದು ಹೆಂಗಸರಿಗೇ. ನಾಲ್ಕು ಜನರ ಭಯ ಅವಳ ಮೂಲಕ ಗಂಡನಿಗೆ, ಸೊಸೆಗೆ, ಮಗಳಿಗೆ ದಾಟುತ್ತದೆ. ಹೊರಗೆ ಲೋಕದ ಡೊಂಕು ತಿದ್ದುವವರ ಹಾಗೆ ಕಂಡರೂ ಒಳಗೆ ಇರುವುದು ಬೈಸಿಕೊಳ್ಳುವ ಅಂಜಿಕೆಯೇ ಆಗಿರಬಹುದು. ಹೆವಿಟ್ ಮತ್ತು ಫ್ಲೆಟ್ 2003ರಲ್ಲಿ ಮತ್ತೊಬ್ಬ ಸಹೋದ್ಯೋಗಿಯ ಜೊತೆ ದಂಪತಿಗಳನ್ನು ಅಧ್ಯಯನ ಮಾಡಿದಾಗಲೂ ಇದಕ್ಕೆ ಹತ್ತಿರದ್ದೇ ಕಂಡಿತು. ‘ನನ್ನಿಂದ ತಪ್ಪೇ ಆಗಬಾರದು ಅಂತ ನನ್ನ ಸಂಗಾತಿ ಬಯಸುತ್ತಾರೆ’ ಅಂದುಕೊಂಡವರ ದಾಂಪತ್ಯದಲ್ಲಿ ಹೊಂದಾಣಿಕೆ ಕಡಿಮೆ ಇತ್ತು. ಆ ಕೊರತೆ ಅವರಿಗೆ ಮಾತ್ರವಲ್ಲ, ಸಂಗಾತಿಗೂ ತಟ್ಟಿತ್ತು.

ತಪ್ಪು ಹುಡುಕುವುದಕ್ಕಿಂತ ಸಂಬಂಧವನ್ನು ಹೆಚ್ಚು ತಿನ್ನುವುದು ಮುಚ್ಚಿಡುವುದು ಅಂತ ನನಗನ್ನಿಸುತ್ತದೆ. ಬೈಗುಳ ಕಿವಿಗೆ ಬೀಳುತ್ತದೆ, ಜಗಳವಾದರೂ ಆಡಬಹುದು. ಮುಚ್ಚಿಟ್ಟದ್ದು ಯಾರಿಗೂ ಗೊತ್ತಾಗುವುದಿಲ್ಲ. ಹೆವಿಟ್ ಮತ್ತು ತಂಡ 2003ರಲ್ಲೇ ಇದನ್ನು ಬೇರೆಯಾಗಿ ಅಳೆದರು. ಕೆಲವರು ತಮ್ಮ ಸಾಧನೆ ತೋರಿಸಿಕೊಳ್ಳುತ್ತಾರೆ. ಕೆಲವರು ತಪ್ಪು ಕಾಣಿಸುವಂಥ ಸಂದರ್ಭಕ್ಕೇ ಹೋಗುವುದಿಲ್ಲ. ಇಂಗ್ಲಿಷ್ ತಪ್ಪಾದೀತು ಅಂತ ಮೀಟಿಂಗ್‌ನಲ್ಲಿ ಬಾಯಿ ಬಿಡದವರು, ಹೆಜ್ಜೆ ತಪ್ಪೀತು ಅಂತ ಮದುವೆ ಮನೆಯಲ್ಲಿ ಡ್ಯಾನ್ಸಿಗೆ ಏಳದವರು. ಇನ್ನು ಕೆಲವರು ಕಷ್ಟವನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ಕೆಲಸ ಹೋದರೂ ದಿನಾ ಬ್ಯಾಗ್ ಹಾಕಿಕೊಂಡು ಹೊರಡುವವರು ಈ ಗುಂಪಿನವರು. “ಹೇಗಿದ್ದೀಯಾ?” ಅಂದರೆ “ಸೂಪರ್” ಅನ್ನುವ ಗೆಳತಿಯ ಹತ್ತಿರ ನಿಮ್ಮ ಗೋಳು ಹೇಗೆ ಹೇಳಿಕೊಳ್ಳುತ್ತೀರಿ? ಅವಳಿಗೆ ಏನೂ ಕಷ್ಟವಿಲ್ಲ ಅಂದುಕೊಂಡು ನೀವೇ ದೂರವಾಗುತ್ತೀರಿ. ನೀವು ದೂರವಾದದ್ದು ಕಂಡು ಅವಳು ‘ನನ್ನಲ್ಲೇ ಏನೋ ಕೊರತೆ ಇದೆ’ ಅಂದುಕೊಂಡು ಇನ್ನೂ ಬಿಗಿಯಾಗುತ್ತಾಳೆ. 2006ರಿಂದ ಹೆವಿಟ್ ಮತ್ತು ಜೊತೆಗಾರರು ವಿವರಿಸುತ್ತಾ ಬಂದಿರುವುದು ಈ ಸುಳಿಯನ್ನೇ. ಜನ ಒಪ್ಪಿಕೊಳ್ಳಲಿ, ಪ್ರೀತಿಸಲಿ ಅಂತಲೇ ಮನುಷ್ಯ ಊನ ಮುಚ್ಚಿಡುತ್ತಾನೆ, ಮುಚ್ಚಿಟ್ಟಿದ್ದರಿಂದಲೇ ಒಂಟಿಯಾಗುತ್ತಾನೆ.

ಊನ ಕಂಡರೆ ಜನ ನಿಜವಾಗಿಯೂ ದೂರ ಹೋಗುತ್ತಾರಾ? 1966ರಲ್ಲಿ ಎಲಿಯಟ್ ಆರನ್ಸನ್ ಮತ್ತು ಸಹೋದ್ಯೋಗಿಗಳು ಒಂದು ಮಜಾ ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಿಗೆ ಕ್ವಿಜ್ ತಂಡಕ್ಕೆ ಅರ್ಜಿ ಹಾಕಿದವನ ಟೇಪ್ ಕೇಳಿಸಿದರು. ಒಂದರಲ್ಲಿ ಅವನು ನೂರಕ್ಕೆ 92 ಪ್ರಶ್ನೆಗೆ ಸರಿ ಉತ್ತರ ಕೊಡುತ್ತಾನೆ, ಇನ್ನೊಂದರಲ್ಲಿ ಬರೀ 30ಕ್ಕೆ. ಕೆಲವು ಟೇಪ್‌ಗಳ ಕೊನೆಯಲ್ಲಿ ಕುರ್ಚಿ ಸರಿಯುವ, ಕಪ್ ಬೀಳುವ ಸದ್ದು, ‘ಅಯ್ಯೋ, ಹೊಸ ಸೂಟಿನ ಮೇಲೆ ಕಾಫಿ ಚೆಲ್ಲಿಕೊಂಡೆ’ ಅನ್ನುವ ಮಾತು. ಕೇಳಿದವರಿಗೆ ಎಲ್ಲರಿಗಿಂತ ಇಷ್ಟವಾದದ್ದು ಕಾಫಿ ಚೆಲ್ಲಿಕೊಂಡ ಜಾಣ. ಚೆಲ್ಲದ ಜಾಣನಿಗಿಂತ ಅವನೇ ಮೇಲು. ನಿಜ, ಉತ್ತರವೂ ಬಾರದೆ ಕಾಫಿಯೂ ಚೆಲ್ಲಿಕೊಂಡವನನ್ನು ಯಾರೂ ಅಷ್ಟಾಗಿ ಮೆಚ್ಚಲಿಲ್ಲ. ಪ್ರಪಂಚ ಅಷ್ಟು ಉದಾರಿಯಲ್ಲ. ಆದರೆ ಪರ್ಫೆಕ್ಷನಿಸಂನಿಂದ ನರಳುವವರಲ್ಲಿ ಹೆಚ್ಚಿನವರು ತಮ್ಮ ಕೆಲಸ ಬಲ್ಲವರೇ. ಅವರು ಯಾವುದನ್ನು ಮುಚ್ಚಿಡಲು ಇಷ್ಟು ಹೆಣಗುತ್ತಾರೋ ಅದು ಕಂಡಿದ್ದರೆ ಜನ ಇನ್ನೂ ಹತ್ತಿರ ಬರುತ್ತಿದ್ದರೋ ಏನೋ.

ಈ ಮುಚ್ಚುಮರೆ ಚಿಕಿತ್ಸೆಯ ಕೋಣೆಯವರೆಗೂ ಬರುತ್ತದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಖಿನ್ನತೆಯ ಚಿಕಿತ್ಸೆಗಳನ್ನು ಹೋಲಿಸುವ ದೊಡ್ಡ ಅಧ್ಯಯನವೊಂದು ನಡೆಯಿತು. ಕೆಲವರಿಗೆ ಎರಡು ಬಗೆಯ ಮಾತಿನ ಚಿಕಿತ್ಸೆಯಲ್ಲಿ ಒಂದು, ಕೆಲವರಿಗೆ ಮಾತ್ರೆ, ಕೆಲವರಿಗೆ ಔಷಧವಿಲ್ಲದ ಬರೀ ಮಾತ್ರೆ. ಸಿಡ್ನಿ ಬ್ಲಾಟ್ ಮತ್ತು ಸಹೋದ್ಯೋಗಿಗಳು ಆ ದಾಖಲೆಗಳನ್ನು ಮತ್ತೆ ತೆಗೆದು ನೋಡಿದಾಗ, ಯಾವ ಚಿಕಿತ್ಸೆ ಕೊಟ್ಟರೂ ಪರ್ಫೆಕ್ಷನಿಸಂ ಜಾಸ್ತಿ ಇದ್ದವರು ಕಡಿಮೆ ಸುಧಾರಿಸಿದ್ದರು. ಅದರಲ್ಲೂ ಚಿಕಿತ್ಸೆಯ ಎರಡನೇ ಅರ್ಧದಲ್ಲಿ ಅವರ ಸುಧಾರಣೆ ನಿಂತುಬಿಟ್ಟಿತ್ತು. ಮುಗಿಯುವ ದಿನ ಹತ್ತಿರ ಬರುತ್ತಿದ್ದಂತೆ, ‘ಇಷ್ಟರೊಳಗೆ ವಾಸಿಯಾಗಬೇಕಿತ್ತು’ ಅನ್ನುವುದೂ ಒಂದು ಪರೀಕ್ಷೆಯಾಗಿಬಿಡುತ್ತದೆ. ವೈದ್ಯರ ಮುಂದೆಯೂ ಒಳ್ಳೇ ರೋಗಿಯಾಗಿ ಪಾಸಾಗಬೇಕು!

ಕಡಿಮೆ ಮಾಡಿಕೊಳ್ಳುವುದು

‘ಅಷ್ಟೊಂದು ತಲೆ ಕೆಡಿಸ್ಕೋಬೇಡ’ ಅನ್ನುವ ಉಪದೇಶದಿಂದ ಏನೂ ಆಗುವುದಿಲ್ಲ. ತಲೆ ಕೆಡಿಸಿಕೊಳ್ಳದೆ ಇರುವುದರಲ್ಲೂ ಫೇಲಾದೆ ಅಂತ ಅವರು ಇನ್ನೊಂದು ಸೇರಿಸಿಕೊಳ್ಳುತ್ತಾರೆ. ಪರ್ಫೆಕ್ಷನಿಸಂಗೆ ಅಂತಲೇ ಇರುವ ಅರಿವು-ವರ್ತನೆಯ ಚಿಕಿತ್ಸೆಯಲ್ಲಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಉಪದೇಶಕ್ಕಿಂತ ಪ್ರಯೋಗಕ್ಕೆ ಜಾಗ ಜಾಸ್ತಿ. ಬೇಕೆಂದೇ ಒಂದು ಮೇಲ್‌ನಲ್ಲಿ ಸಣ್ಣ ಕಾಗುಣಿತದ ತಪ್ಪು ಬಿಟ್ಟು ಕಳಿಸಿ. ಕಳಿಸುವ ಮೊದಲು ಏನಾಗಬಹುದು ಅಂತ ಚೀಟಿಯಲ್ಲಿ ಬರೆಯಿರಿ: ಬಾಸ್ ಕರೆದು ಕೇಳ್ತಾರೆ, ಅಪ್ರೈಸಲ್‌ನಲ್ಲಿ ಬರುತ್ತೆ. ಒಂದು ವಾರದ ನಂತರ ಆ ಚೀಟಿ ತೆಗೆದು ನೋಡಿ. ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಭಯ ವಾದದಿಂದ ಕರಗುವುದಿಲ್ಲ, ಇಂಥ ಚೀಟಿಗಳಿಂದ ಕರಗುತ್ತದೆ. ಮನೆಯಲ್ಲೂ ಇದನ್ನು ಮಾಡಬಹುದು. ಗಂಡ ಒಗೆದ ಬಟ್ಟೆ ಮಡಚಿಟ್ಟರೆ ಮತ್ತೆ ಮಡಚದೆ ಹಾಗೇ ಬೀರುವಿನಲ್ಲಿಡಿ. ಮೊದಲ ದಿನ ಕೈ ಕಡಿಯುತ್ತದೆ. ಕಡಿಯಲಿ ಬಿಡಿ.

ಸಾಕು ಅನ್ನುವ ಗೆರೆಯನ್ನು ಕೆಲಸ ಶುರು ಮಾಡುವ ಮುಂಚೆಯೇ ಎಳೆದುಕೊಳ್ಳುವುದೂ ಉಪಯೋಗಕ್ಕೆ ಬರುತ್ತದೆ. ಈ ಮೇಲ್ ಒಂದು ಸಲ ಓದಿ ಕಳಿಸುತ್ತೇನೆ, ಈ ಫೈಲ್ ಎರಡು ಸಲ. ಕೆಲಸದ ಮಧ್ಯೆ ಆ ಗೆರೆ ಎಳೆಯಲು ಹೋದರೆ ಅಂಜಿಕೆಯೇ ಗೆರೆ ಎಳೆಯುತ್ತದೆ, ಅದಕ್ಕೆ ಸಾಕು ಅನ್ನುವುದು ಗೊತ್ತಿಲ್ಲ.

ತನ್ನ ಮೇಲೆ ಸ್ವಲ್ಪ ಮರುಕ ಇಟ್ಟುಕೊಳ್ಳುವುದರ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಿಂದ ಬರೆಯುತ್ತಿದ್ದಾರೆ. ಅದೇ ತಪ್ಪನ್ನು ನಿಮ್ಮ ತಂಗಿ ಮಾಡಿದ್ದರೆ ನೀವು ಏನು ಹೇಳುತ್ತಿದ್ದಿರೋ ಅದನ್ನೇ ನಿಮಗೂ ಹೇಳಿಕೊಳ್ಳಿ ಅನ್ನುವುದು ಅವರ ಮಾತಿನ ಸಾರ. ಕೇಳಲು ಸಿಹಿಯಾಗಿದೆ, ಮಾಡುವುದು ಕಷ್ಟ. ತನ್ನನ್ನು ಬೈದುಕೊಂಡಿದ್ದರಿಂದಲೇ ಇಷ್ಟು ಮೇಲೆ ಬಂದೆ ಅಂತ ಪರ್ಫೆಕ್ಷನಿಸ್ಟ್ ನಂಬಿರುತ್ತಾನೆ. ಆ ಬೈಗುಳ ಬಿಟ್ಟರೆ ಎಲ್ಲಿ ಸೋಮಾರಿಯಾಗಿಬಿಡುತ್ತೇನೋ ಅನ್ನುವ ಹೆದರಿಕೆ ಅವನಿಗೆ. ಹರಾರಿ ತಂಡದ ಲೆಕ್ಕವನ್ನು ಇಂಥವರಿಗೆ ತೋರಿಸಬೇಕು.

ಮಕ್ಕಳ ವಿಷಯ ಬೇರೆಯೇ. ಮಾರ್ಕ್ಸ್ ಕಾರ್ಡ್ ಬಂದಾಗ ಮೊದಲು ಯಾವ ಸಬ್ಜೆಕ್ಟಿನ ಬಗ್ಗೆ ಕೇಳುತ್ತೀರಿ ಅಂತ ನಿಮ್ಮನ್ನೇ ಗಮನಿಸಿ ನೋಡಿ. 98ರದ್ದೋ 71ರದ್ದೋ? ಹಾಗಂತ ಅಪ್ಪ ಅಮ್ಮ ಈಗ ಪರ್ಫೆಕ್ಟ್ ಪೋಷಕರಾಗಲು ಹೊರಟರೆ ಅದೇ ಕಾಯಿಲೆ ಹೊಸ ಅಂಗಿ ತೊಟ್ಟಂತೆ. ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಬ್ರಿಟನ್ನಿನ ಡೊನಾಲ್ಡ್ ವಿನಿಕಾಟ್ 1950ರ ದಶಕದಲ್ಲೇ ಮಗುವಿಗೆ ಬೇಕಾದದ್ದು ಒಂದೂ ತಪ್ಪದ ತಾಯಿಯಲ್ಲ, ಸಾಕಷ್ಟು ಒಳ್ಳೆಯ ತಾಯಿ ಅಂದಿದ್ದರು. ತಾಯಿ ಆಗಾಗ ಸಣ್ಣಪುಟ್ಟದರಲ್ಲಿ ತಪ್ಪುವುದರಿಂದಲೇ ಮಗು ಜಗತ್ತಿಗೆ ಹೊಂದಿಕೊಳ್ಳಲು ಕಲಿಯುತ್ತದೆ ಅನ್ನುವುದು ಅವರ ವಾದ. ಅಪ್ಪನೇ ಊಟಕ್ಕೆ ಕೂತಾಗ “ಇವತ್ತು ಆಫೀಸಲ್ಲಿ ಒಂದು ಲೆಕ್ಕ ತಪ್ಪು ಮಾಡ್ದೆ, ನಾಳೆ ಸರಿ ಮಾಡ್ಬೇಕು” ಅಂತ ಮಾಮೂಲಿ ದನಿಯಲ್ಲಿ ಹೇಳಿದರೆ, ತಪ್ಪು ಮಾಡಿಯೂ ಮನುಷ್ಯ ಅನ್ನ ಸಾರು ಉಣ್ಣಬಹುದು ಅಂತ ಮಗುವಿಗೆ ತಿಳಿಯುತ್ತದೆ. ದೊಡ್ಡವರಿಗೂ ಇದೇ ನಡೆಯುತ್ತದೆ. “ಸೂಪರ್” ಅನ್ನುವ ಆ ಗೆಳತಿಯ ಬಾಯಿ ಬಿಡಿಸಲು ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ನಿಮ್ಮದೊಂದು ಎಡವಟ್ಟನ್ನು ಮೊದಲು ಹೇಳಿ.

ಇಷ್ಟಕ್ಕೂ ಮೀರಿದ ಹಂತ ಒಂದಿದೆ. ನಿದ್ದೆ ವಾರಗಟ್ಟಲೆ ಹಾಳಾಗಿದ್ದರೆ, ಊಟ ಬಿಟ್ಟಿದ್ದರೆ, ಒಂದು ಫಲಿತಾಂಶದಿಂದ ಬದುಕೇ ಬೇಡ ಅನ್ನುವ ಮಾತು ಬಂದರೆ ಚೀಟಿ ಪ್ರಯೋಗಗಳಿಗೆ ಕಾಯಬಾರದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಕಷ್ಟ ಹೇಳಿಕೊಳ್ಳದೇ ಇರುವುದೇ ಈ ಸ್ವಭಾವದ ಲಕ್ಷಣವಾದ್ದರಿಂದ, ಅವರು ತಾವಾಗಿ ಫೋನ್ ಮಾಡುತ್ತಾರೆ ಅಂತ ಕಾಯುವುದಕ್ಕಿಂತ ಮನೆಯವರೇ ನಂಬರ್ ಒತ್ತಿ, ಪಕ್ಕದಲ್ಲಿ ಕೂತು, ಫೋನ್ ಅವರ ಕೈಗೆ ಕೊಡುವುದು ಒಳ್ಳೆಯದು.